ಆಕಾಶದಲ್ಲಿ ಭೂಸಂಪರ್ಕ

ಹೊಸೂರಿನಿಂದ ತಳಿಗೆ ಹೋಗುವ ರಸ್ತೆಯಲ್ಲಿ ಬೆಳಗೊಂಡಪಳ್ಳಿ ಎಂಬ ಊರಿದೆ. ಕನ್ನಡ, ತೆಲುಗು, ತಮಿಳು ಮೂರೂ ಬಳಕೆಯಲ್ಲಿರುವ ಈ ಸೀಮೆಯಲ್ಲಿ ತನೇಜಾ ಏರೋಸ್ಪೇಸ್ ಸಂಸ್ಥೆಯ ವಿಮಾನ ಕಾರ್ಖಾನೆಯೂ ಅದರದೇ ರನ್‌ವೇಯೂ ಇವೆ. ಇಟಲಿಯ ಪಾರ್ತೆನಾವಿಯಾ ಸಂಸ್ಥೆಯ ಸಹಯೋಗದಿಂದ ಪಿ-68 ಎಂಬ ಆರು ಆಸನಗಳ ಹಗುರ ವಿಮಾನವನ್ನು 1990ರ ದಶಕದಲ್ಲಿ ಇಲ್ಲಿ ಕಟ್ಟಲಾಯಿತು. ಬೆಂಗಳೂರಿನ ಎನ್‌ಎಎಲ್ ರೂಪಿಸಿ, 1993ರಲ್ಲಿ ಮೊದಲು ಹಾರಿದ ‘ಹಂಸ’ದ ನಿರ್ಮಾಣಕ್ಕೂ ಈ ಕಾರ್ಖಾನೆ ನೆರವಾಯಿತು. ಪಿ-68ರ ಒಡಲು ಅಲ್ಯೂಮಿನಿಯಮ್ಮಿನದು. ಹಂಸದ್ದು ಗಾಜಿನೆಳೆ ಮತ್ತು ರಾಳದ್ದು. ಈ ಒಂದು ವ್ಯತ್ಯಾಸದಿಂದ ವಿಮಾನದೊಳಗಿನ ವಿದ್ಯುತ್ ತಂತಿಯ ವ್ಯವಸ್ಥೆಯೇ ಬದಲಾಗುತ್ತದೆ.

ಮನೆಯ ವಿದ್ಯುತ್ತಿನಲ್ಲಿ ‘ಭೂಸಂಪರ್ಕ’ ಎಂದರೆ ಅಪಾಯದ ವಿದ್ಯುತ್ತನ್ನು ಮಣ್ಣಿಗಿಳಿಸುವ ದಾರಿ. ವಿಮಾನ ತಂತ್ರಜ್ಞರೂ ಇದೇ ಪದವನ್ನು ಬಳಸುತ್ತಾರೆ. ಆದರೆ ಹಾರುವ ವಿಮಾನಕ್ಕೆ ಮಣ್ಣಿನ ಸ್ಪರ್ಶವೆಲ್ಲಿ? ಅಲ್ಲಿ ಪದದ ಅರ್ಥ ಬೇರೆ: ದೀಪವನ್ನೋ ರೇಡಿಯೋವನ್ನೋ ಹಾದುಬಂದ ವಿದ್ಯುತ್ತು ಬ್ಯಾಟರಿಯ ಋಣಧ್ರುವಕ್ಕೆ ಮರಳುವ ದಾರಿ. ಭಾಷಾವಿಜ್ಞಾನದಲ್ಲಿ ಓದುವ ಅರ್ಥಪಲ್ಲಟಕ್ಕೆ ಇದೊಂದು ಜೀವಂತ ನಿದರ್ಶನ.

ಲೋಹದ ವಿಮಾನದಲ್ಲಿ ಒಡಲೇ ಈ ಮರಳುದಾರಿಯಾಗಬಲ್ಲದು. ಮೋಟಾರು ಬೈಕಿನ ಚಾಸಿ ಮಾಡುವ ಕೆಲಸವೂ ಇದೇ. ಗಾಜಿನೆಳೆಯಾದರೋ ವಿದ್ಯುತ್ತನ್ನು ಹರಿಯಗೊಡದು. ಆದ್ದರಿಂದ ಹೋಗುವ ತಂತಿಯೊಡನೆ ಮರಳುವ ತಂತಿಯನ್ನೂ ಎಳೆಯಬೇಕು. ರೇಡಿಯೋದ ಆಂಟೆನಾಕ್ಕೆ ಒಡಲು ಒದಗಿಸುತ್ತಿದ್ದ ಲೋಹದ ಹಾಸನ್ನೂ ಬೇರೆಯಾಗಿ ಕಲ್ಪಿಸಬೇಕು. ಅಮೆರಿಕದ ಬರ್ಟ್ ರುಟಾನ್ 1975ರಲ್ಲಿ ಹಾರಿಸಿದ ‘ವೇರಿಈಜ಼್’ ಮಾದರಿಯಿಂದ ಗಾಜಿನೆಳೆಯ ವಿಮಾನಗಳು ಮನೆಯಲ್ಲೇ ವಿಮಾನ ಕಟ್ಟುವ ಹವ್ಯಾಸಿಗಳಲ್ಲಿ ಹಬ್ಬಿದವು. ಇಂಥ ವಿಮಾನ ಕಟ್ಟುವ ಪ್ರತಿಯೊಬ್ಬರೂ ಈ ಪಾಠವನ್ನು ಕಲಿಯಲೇಬೇಕಾಯಿತು.

ಮರಳುವ ತಂತಿಗಳನ್ನು ಸಿಕ್ಕಸಿಕ್ಕಲ್ಲಿ ಕೂಡಿಸುವಂತಿಲ್ಲ. ಹೆಚ್ಚು ವಿದ್ಯುತ್ತೆಳೆಯುವ ಮೋಟಾರಿನ ದಾರಿಯಲ್ಲೇ ರೇಡಿಯೋದ ತಂತಿಯೂ ಮರಳಿದರೆ ಚಾಲಕನ ಕಿವಿಯಲ್ಲಿ ಮಾತಿಗೆ ಬದಲಾಗಿ ಗೊರಗೊರ ಸದ್ದು. ಆದುದರಿಂದ ಪ್ರತಿಯೊಂದು ತಂತಿಯನ್ನೂ ಪ್ರತ್ಯೇಕವಾಗಿ ಒಂದು ಲೋಹದ ಪಟ್ಟಿಗೆ ತರುತ್ತಾರೆ. ತುದಿಗಳನ್ನು ಬೆಸುಗೆ ಹಾಕುವುದಕ್ಕಿಂತ ಲೋಹದ ತೋಳಿನಲ್ಲಿ ತೂರಿಸಿ, ಒತ್ತಿ ಬಿಗಿಯುವುದೇ ರೂಢಿ. ಕರಗಿದ ಬೆಸುಗೆ ತಂತಿಯ ಎಳೆಗಳೊಳಗೆ ಏರಿ ಗಡುಸಾದರೆ ಎಂಜಿನ್ನಿನ ನಡುಕಕ್ಕೆ ಅಲ್ಲಿಯೇ ಮುರಿಯುವ ಭಯವಿದೆ.

ಇದು ಬರಿಯ ಅಚ್ಚುಕಟ್ಟಿನ ಮಾತಲ್ಲ. ಹಂಸ-3ರಲ್ಲಿರುವ ರೋಟಾಕ್ಸ್ 914 ಎಂಜಿನ್ನಿಗೆ ಇಂಧನವುಣಿಸುವುದು ವಿದ್ಯುತ್ ಪಂಪು. ಒಂದು ಕೆಟ್ಟರೆ ಇನ್ನೊಂದಿರಲೆಂದು ಪಂಪುಗಳು ಎರಡಿರುತ್ತವೆ. ಆದರೆ ಎರಡರ ಮರಳುತಂತಿಗಳನ್ನೂ ಒಂದೇ ಬೋಲ್ಟಿಗೆ ಬಿಗಿದು, ಆ ಬೋಲ್ಟು ಸಡಿಲಿಸಿದರೆ ಎರಡೂ ಒಮ್ಮೆಗೇ ನಿಂತಾವು. ಅಂಥ ತಂತಿಗಳಿಗೆ ಬೇರೆ ಬೇರೆ ಬೋಲ್ಟುಗಳೇ ಬೇಕು.

ಕೈಪಿಡಿಯೊಂದನ್ನು ಕನ್ನಡಕ್ಕೆ ತರುವವರು ‘ಭೂಸಂಪರ್ಕ’ ಎಂದಷ್ಟೇ ಬರೆದು ಮುಂದೆ ಸಾಗಿದರೆ ನಿಘಂಟಿಗೆ ಸಮಾಧಾನವಾದೀತು; ಓದಿ ತಂತಿ ಜೋಡಿಸುವವನಿಗೆ ದಾರಿ ತಪ್ಪೀತು. ‘ಮರಳುತಂತಿ’ ಎಂದರೆ ಅದರ ಕೆಲಸವೇ ಹೆಸರಿನಲ್ಲಿ ಕಾಣುತ್ತದೆ. ಪಾರಿಭಾಷಿಕ ಪದವನ್ನು ರಚಿಸುವ ಮುನ್ನ ವಸ್ತುವಿನ ಕೆಲಸವನ್ನು ತಿಳಿಯಬೇಕೆಂಬ ಮಾತಿಗೆ ಇದಕ್ಕಿಂತ ಸ್ಪಷ್ಟವಾದ ಕಾರಣ ಬೇಕಿಲ್ಲ.