ಸೋತು ಗೆಲ್ಲುವ ಲೆಕ್ಕಾಚಾರ

2013ರ ಬೇಸಿಗೆಯಲ್ಲಿ, ಇನ್ನೂ ಸರ್ಕಾರಿ ಸೇವೆಯಲ್ಲಿದ್ದಾಗ, ರಜೆ ಪಡೆದು ಅಮೆರಿಕದ ಹೂಸ್ಟನ್ ನಗರದಲ್ಲಿರುವ ಮಗಳ ಮನೆಗೆ ಹೋಗಿದ್ದೆ. ಒಂದು ಸಂಜೆ ಅಳಿಯಂದಿರು ಬೇಸ್‌ಬಾಲ್ ಪಂದ್ಯ ತೋರಿಸಲು ಕರೆದೊಯ್ದರು. ಸುಮಾರು ನಲವತ್ತು ಸಾವಿರ ಜನ ಕೂರಬಹುದಾದ ಕ್ರೀಡಾಂಗಣದಲ್ಲಿ ಸಾಲು ಸಾಲು ಕುರ್ಚಿಗಳು ಖಾಲಿಯಾಗಿದ್ದವು. ಪಕ್ಕದಲ್ಲಿ ಕುಳಿತಿದ್ದ ಎಪ್ಪತ್ತು ದಾಟಿದ ಹಿರಿಯರೊಬ್ಬರು ಮುದ್ರಿತ ಹಾಳೆಯೊಂದರಲ್ಲಿ ಪ್ರತಿ ಎಸೆತದ ಫಲಿತಾಂಶವನ್ನೂ ಪೆನ್ಸಿಲಿನಿಂದ ಗುರುತಿಸಿಕೊಳ್ಳುತ್ತಿದ್ದರು. ಊರಿನ ತಂಡವಾದ ಆಸ್ಟ್ರೋಸ್ ಅಂದೂ ಸೋತಿತು. ಆದರೆ ಅವರಲ್ಲಿ ಕೋಪ ಕಾಣಲಿಲ್ಲ. ಕೆಲವು ವರ್ಷ ಸೋಲುವುದೇ ಮಾಲೀಕರ ಯೋಜನೆ, ಅದನ್ನು ಅವರು ಮುಚ್ಚಿಟ್ಟಿಲ್ಲ ಎಂದು ಅವರು ವಿವರಿಸಿದರು. ಆದರೆ ತಮ್ಮ ವಯಸ್ಸಿನಲ್ಲಿ ಕಾಯುವುದು ದುಬಾರಿ ಬಾಬತ್ತು ಎಂದು ನಕ್ಕರು.

ಅರ್ಥಶಾಸ್ತ್ರ ಓದಿದವನಿಗೆ ಆ ನಗು ಮರೆಯುವಂಥದ್ದಲ್ಲ. ಸೋಲನ್ನು ಯೋಜನೆಯ ಭಾಗವಾಗಿಸಲು ಸಾಧ್ಯವೆ? ಸಾಧ್ಯವಾದರೆ ಅದರ ಬೆಲೆಯನ್ನು ತೆರುವವರು ಯಾರು?

ಇದನ್ನು ಅರಿಯಲು ಅಮೆರಿಕದ ವೃತ್ತಿಪರ ಬೇಸ್‌ಬಾಲಿನ ವ್ಯವಸ್ಥೆಯನ್ನು ಸ್ವಲ್ಪ ತಿಳಿಯಬೇಕು. ಮೇಜರ್ ಲೀಗ್‌ನಲ್ಲಿರುವ ತಂಡಗಳು 30. ಪ್ರತಿ ತಂಡವೂ ಋತುವೊಂದರಲ್ಲಿ 162 ಪಂದ್ಯಗಳನ್ನು ಆಡುತ್ತದೆ. ಯೂರೋಪಿನ ಫುಟ್‌ಬಾಲಿನಂತೆ ಕೊನೆಯ ಸ್ಥಾನ ಪಡೆದ ತಂಡವನ್ನು ಕೆಳದರ್ಜೆಗೆ ಇಳಿಸುವ ಪದ್ಧತಿ ಇಲ್ಲಿಲ್ಲ. ಬದಲಾಗಿ, ಪ್ರತಿ ವರ್ಷ ಶಾಲೆ ಕಾಲೇಜುಗಳ ಪ್ರತಿಭಾವಂತ ಯುವಕರನ್ನು ಹಂಚಿಕೊಳ್ಳುವ ‘ಡ್ರಾಫ್ಟ್’ನಲ್ಲಿ ಅತಿ ಹೆಚ್ಚು ಸೋತ ತಂಡಕ್ಕೆ ಮೊದಲ ಆಯ್ಕೆ ದೊರೆಯುತ್ತಿತ್ತು. ದುರ್ಬಲರನ್ನು ಮೇಲೆತ್ತಬೇಕೆಂಬ ಸದುದ್ದೇಶದ ನಿಯಮವಿದು. ಆದರೆ ಸೋತವನಿಗೆ ಬಹುಮಾನವಿದ್ದಲ್ಲಿ ಸೋಲಲು ಹಾತೊರೆಯುವವರೂ ಹುಟ್ಟಿಕೊಳ್ಳುತ್ತಾರೆ. ಸಹಾಯಧನ ನೀತಿಗಳನ್ನು ರೂಪಿಸಿದ ಯಾವ ಅಧಿಕಾರಿಗೂ ಇದು ಹೊಸ ವಿಷಯವಲ್ಲ.

1962ರಲ್ಲಿ ಸ್ಥಾಪನೆಗೊಂಡ ಹೂಸ್ಟನ್ ತಂಡ ಅರ್ಧ ಶತಮಾನ ಕಳೆದರೂ ವರ್ಲ್ಡ್ ಸೀರೀಸ್ ಪ್ರಶಸ್ತಿ ಗೆದ್ದಿರಲಿಲ್ಲ. 2005ರಲ್ಲಿ ಅಂತಿಮ ಸರಣಿ ತಲುಪಿದರೂ ಷಿಕಾಗೊ ವೈಟ್ ಸಾಕ್ಸ್ ಎದುರು ನಾಲ್ಕೂ ಪಂದ್ಯಗಳನ್ನು ಸೋತಿತು. ಅನಂತರ ಆಟಗಾರರಿಗೆ ವಯಸ್ಸಾಯಿತು, ಕಿರಿಯರ ಪಡೆ ಬರಿದಾಯಿತು. 2011ರ ಕೊನೆಯಲ್ಲಿ ತಂಡವನ್ನು ಕೊಂಡ ಉದ್ಯಮಿ ಜಿಮ್ ಕ್ರೇನ್, ಸೇಂಟ್ ಲೂಯಿಸ್ ತಂಡದಲ್ಲಿ ಹೆಸರು ಮಾಡಿದ್ದ ಜೆಫ್ ಲುನೋ ಅವರನ್ನು ಜನರಲ್ ಮ್ಯಾನೇಜರ್ ಆಗಿ ನೇಮಿಸಿದರು. ಲುನೋ ಮೂಲತಃ ಎಂಜಿನಿಯರ್. ಬೇಸ್‌ಬಾಲಿಗೆ ಬರುವ ಮುನ್ನ ವ್ಯವಸ್ಥಾಪನಾ ಸಲಹೆಗಾರರಾಗಿದ್ದವರು.

ಹೊಸ ಆಡಳಿತ ಅನುಭವಿ ಆಟಗಾರರನ್ನು ಬೇರೆ ತಂಡಗಳಿಗೆ ಕೊಟ್ಟು ಹದಿಹರೆಯದ ಪ್ರತಿಭೆಗಳನ್ನು ತಂದಿತು. 2013ರಲ್ಲಿ ಇಡೀ ತಂಡದ ವೇತನ ಸುಮಾರು 2.6 ಕೋಟಿ ಡಾಲರಿಗೆ ಇಳಿಯಿತು. ಅದೇ ವರ್ಷ ನ್ಯೂಯಾರ್ಕ್ ಯಾಂಕೀಸ್ ತಂಡದ ವೇತನ 20 ಕೋಟಿಯನ್ನು ಮೀರಿತ್ತು. ಹೂಸ್ಟನ್ 2011ರಲ್ಲಿ 106, 2012ರಲ್ಲಿ 107, 2013ರಲ್ಲಿ 111 ಪಂದ್ಯಗಳನ್ನು ಸೋತಿತು. 2013ರ ಸೆಪ್ಟೆಂಬರಿನ ಒಂದು ಪಂದ್ಯಕ್ಕೆ ಆ ನಗರದಲ್ಲಿ ದೂರದರ್ಶನ ವೀಕ್ಷಕರ ಅಳತೆ ಸೊನ್ನೆ ಎಂದು ದಾಖಲಾಯಿತು. ಪ್ರಸಾರ ಮಾಡುತ್ತಿದ್ದ ವಾಹಿನಿ ಅನೇಕ ಮನೆಗಳಿಗೆ ತಲುಪುತ್ತಿರಲಿಲ್ಲವೆಂಬುದು ನಿಜ. ಆದರೂ ಸೊನ್ನೆ ಸೊನ್ನೆಯೇ.

ಹೀಗೆ ದೊರೆತ ಅವಕಾಶವನ್ನು ಬಳಸಿಕೊಂಡ ರೀತಿ ಗಮನಾರ್ಹ. 2012ರಲ್ಲಿ ಮೊದಲ ಆಯ್ಕೆಯಾಗಿ ಪೋರ್ಟೊರಿಕೊದ 17ರ ಹರೆಯದ ಕಾರ್ಲೋಸ್ ಕೊರಿಯಾ ಅವರನ್ನು ಆರಿಸಿದರು. ಆ ಸ್ಥಾನಕ್ಕೆ ನಿಗದಿಯಾಗಿದ್ದ ಮೊತ್ತ 72 ಲಕ್ಷ ಡಾಲರ್. ಕೊರಿಯಾ 48 ಲಕ್ಷಕ್ಕೆ ಒಪ್ಪಿದರು. ಉಳಿದ ಹಣದ ಬಲದಿಂದ, 41ನೆಯ ಆಯ್ಕೆಯಲ್ಲಿ, ಲ್ಯಾನ್ಸ್ ಮೆಕಲರ್ಸ್ ಎಂಬ ಎಸೆತಗಾರನನ್ನು 25 ಲಕ್ಷ ಡಾಲರ್ ಕೊಟ್ಟು ಸೇರಿಸಿಕೊಂಡರು. ಒಂದೇ ಆಯವ್ಯಯದಲ್ಲಿ ಇಬ್ಬರು ಶ್ರೇಷ್ಠರು ಸಿಕ್ಕರು. 2015ರಲ್ಲಿ ಕೊರಿಯಾ ವರ್ಷದ ಶ್ರೇಷ್ಠ ಹೊಸ ಆಟಗಾರರೆನಿಸಿದರು. ತಂಡ ಹತ್ತು ವರ್ಷಗಳ ನಂತರ ಮುಂದಿನ ಸುತ್ತಿಗೇರಿತು. 2017ರಲ್ಲಿ 101 ಪಂದ್ಯಗಳನ್ನು ಗೆದ್ದು, ನವೆಂಬರ್ 1ರಂದು ಲಾಸ್ ಏಂಜಲಿಸ್ ಡಾಡ್ಜರ್ಸ್ ತಂಡವನ್ನು ಏಳನೆಯ ಪಂದ್ಯದಲ್ಲಿ ಮಣಿಸಿ ವಿಶ್ವ ಚಾಂಪಿಯನ್ ಆಯಿತು. ಚಂಡಮಾರುತದ ಮಳೆಗೆ ಸಿಕ್ಕಿ ಎರಡು ತಿಂಗಳ ಹಿಂದಷ್ಟೇ ಮುಳುಗಿದ್ದ ನಗರಕ್ಕೆ ಅದು ಕೇವಲ ಕ್ರೀಡಾ ವಿಜಯವಾಗಿರಲಿಲ್ಲ.

ಇಷ್ಟನ್ನೇ ಓದಿದವರು, ಕೆಳಗೆ ಬಿದ್ದರೆ ಮೇಲೇಳಬಹುದೆಂಬ ಸರಳ ಸೂತ್ರವನ್ನು ಹಿಡಿದುಕೊಳ್ಳುತ್ತಾರೆ. ದಾಖಲೆಗಳನ್ನು ನೋಡಿದರೆ ಚಿತ್ರ ಬೇರೆಯೇ ಇದೆ. 2017ರ ಅತ್ಯುತ್ತಮ ಆಟಗಾರರೆನಿಸಿದ ಹೊಸೆ ಅಲ್ಟುವೆ ಐದೂವರೆ ಅಡಿ ಎತ್ತರದ ವೆನೆಜುವೆಲದ ಹುಡುಗ. 2007ರಲ್ಲಿಯೇ ಕೇವಲ 15 ಸಾವಿರ ಡಾಲರಿಗೆ ತಂಡ ಸೇರಿದ್ದರು. ಪ್ರಮುಖ ಎಸೆತಗಾರ ಡಲಾಸ್ ಕೈಕಲ್ 2009ರಲ್ಲಿ ಏಳನೆಯ ಸುತ್ತಿನ ಆಯ್ಕೆ. ಅಂತಿಮ ಸರಣಿಯ ಶ್ರೇಷ್ಠ ಆಟಗಾರ ಜಾರ್ಜ್ ಸ್ಪ್ರಿಂಗರ್ 2011ರಲ್ಲಿ 11ನೆಯ ಆಯ್ಕೆ. ಈ ಮೂವರನ್ನೂ ತಂದವರು, ವಿಫಲರೆಂದು ಮನೆಗೆ ಕಳುಹಿಸಲ್ಪಟ್ಟ ಹಿಂದಿನ ಆಡಳಿತದವರು. ಬಿತ್ತಿದವರೊಬ್ಬರು, ಕೊಯ್ದವರೊಬ್ಬರು.

ಇದನ್ನು ಓದುವಾಗ ನನಗೆ ನೆನಪಾಗುವುದು ನಾನು ಕೆಲಕಾಲ ಆಡಳಿತ ಮಂಡಳಿಯಲ್ಲಿದ್ದ, ನಷ್ಟದಲ್ಲಿದ್ದ ಒಂದು ಸಾರ್ವಜನಿಕ ಉದ್ಯಮ. ಅಲ್ಲಿಗೆ ಎರಡು ವರ್ಷಕ್ಕೊಬ್ಬರಂತೆ ವ್ಯವಸ್ಥಾಪಕ ನಿರ್ದೇಶಕರು ಬರುತ್ತಿದ್ದರು. ಬಂದ ಪ್ರತಿಯೊಬ್ಬರೂ ಹಿಂದಿನವರ ಪುನಶ್ಚೇತನ ಯೋಜನೆಯ ಕಡತವನ್ನು ಕಪಾಟಿಗೆ ಸೇರಿಸಿ ತಮ್ಮದೊಂದನ್ನು ಆರಂಭಿಸುತ್ತಿದ್ದರು. ನಾನೂ ಅಂಥ ಒಂದು ಯೋಜನೆಗೆ ಸಹಿ ಹಾಕಿದವನೇ. ಹಿಂದಿನವರದ್ದರಲ್ಲಿ ಉಳಿಸಿಕೊಳ್ಳತಕ್ಕದ್ದು ಏನಿದೆಯೆಂದು ನಾವು ಕೇಳಿಕೊಳ್ಳಲಿಲ್ಲ. ಲುನೋ ಅವರ ಜಾಣ್ಮೆ ಹೊಸಬರನ್ನು ಆರಿಸಿದ್ದರಲ್ಲಿ ಮಾತ್ರ ಇರಲಿಲ್ಲ. ಅಲ್ಟುವೆಯಂಥವರನ್ನು ಕೈಬಿಡದೆ ಇದ್ದುದರಲ್ಲಿಯೂ ಇತ್ತು.

ಅವರು ತಪ್ಪುಗಳನ್ನೂ ಮಾಡಿದರು. 2013ರ ಮೊದಲ ಆಯ್ಕೆಯಾದ ಎಸೆತಗಾರ ಮಾರ್ಕ್ ಅಪೆಲ್ ಹೂಸ್ಟನ್ ಪರ ಒಂದೂ ಮೇಜರ್ ಲೀಗ್ ಪಂದ್ಯ ಆಡಲಿಲ್ಲ. ಅವರ ನಂತರದ ಆಯ್ಕೆಯಾಗಿ ಷಿಕಾಗೊ ಕಬ್ಸ್ ಪಾಲಾದ ಕ್ರಿಸ್ ಬ್ರಯಂಟ್ 2016ರಲ್ಲಿ ಆ ತಂಡದ 108 ವರ್ಷಗಳ ಬರ ನೀಗಿಸಿದವರಲ್ಲೊಬ್ಬರಾದರು. ತಮ್ಮಲ್ಲೇ ಇದ್ದ ಜೆ.ಡಿ. ಮಾರ್ಟಿನೆಜ್‌ರನ್ನು 2014ರಲ್ಲಿ ಬಿಟ್ಟುಕೊಟ್ಟರು. ಅವರು ಬೇರೆಡೆ ಹೋಗಿ ದೊಡ್ಡ ಹೊಡೆತಗಾರರಾದರು. ಹಿತ್ತಲ ಗಿಡ ಮದ್ದಲ್ಲ ಎಂಬ ಮಾತು ಅಂಕಿಅಂಶ ತಜ್ಞರನ್ನೂ ಬಿಡಲಿಲ್ಲ. ಆದರೆ ಭರವಸೆಯನ್ನೆಲ್ಲ ಒಬ್ಬಿಬ್ಬರ ಮೇಲೆ ಹೇರದೆ ಕೆಳಹಂತದ ತಂಡಗಳಲ್ಲಿ ಹತ್ತಾರು ಮಂದಿಯನ್ನು ಬೆಳೆಸುತ್ತಿದ್ದುದರಿಂದ ಈ ತಪ್ಪುಗಳು ಮಾರಕವಾಗಲಿಲ್ಲ.

ವೈಟ್ ಸಾಕ್ಸ್ ಕಥೆ ಇದಕ್ಕೆ ತದ್ವಿರುದ್ಧ. ಆ ತಂಡವೂ 2016ರ ಕೊನೆಯಲ್ಲಿ ತನ್ನ ತಾರೆಗಳನ್ನು ಬಿಟ್ಟುಕೊಟ್ಟು ಮರುನಿರ್ಮಾಣಕ್ಕೆ ಕೈಹಾಕಿತು. 2020 ಮತ್ತು 2021ರಲ್ಲಿ ಮುಂದಿನ ಸುತ್ತು ತಲುಪಿತು. ಆದರೆ ಮೊದಲ ಬೆಳೆಯ ಹಿಂದೆ ಎರಡನೆಯ ಬೆಳೆ ಸಿದ್ಧವಿರಲಿಲ್ಲ. 2024ರಲ್ಲಿ ಅದು ಸೋತದ್ದು 121 ಪಂದ್ಯ. 1900ರಿಂದೀಚೆಗೆ ಮೇಜರ್ ಲೀಗ್‌ನಲ್ಲಿ ಇಷ್ಟು ಸೋತ ತಂಡ ಬೇರೊಂದಿಲ್ಲ. ಹೂಸ್ಟನ್‌ನಲ್ಲಾದರೊ, ಸ್ಪ್ರಿಂಗರ್ ಮತ್ತು ಕೊರಿಯಾ ತಂಡ ತೊರೆದ ಬಳಿಕವೂ 2022ರಲ್ಲಿ ಮತ್ತೊಮ್ಮೆ ಪ್ರಶಸ್ತಿ ಬಂತು. ಅಂತಿಮ ಸರಣಿಯ ಶ್ರೇಷ್ಠ ಆಟಗಾರ, ಕೊರಿಯಾ ಸ್ಥಾನಕ್ಕೆ ಬಂದಿದ್ದ ಜೆರೆಮಿ ಪೆನ್ಯಾ. ಅವರನ್ನು ಆರಿಸಿದ್ದು ತಂಡ ಚಾಂಪಿಯನ್ ಆಗಿದ್ದ 2018ರ ಡ್ರಾಫ್ಟ್‌ನ ಮೂರನೆಯ ಸುತ್ತಿನಲ್ಲಿ. ಎಸೆತಗಾರ ಫ್ರ್ಯಾಂಬರ್ ವಾಲ್ಡೆಸ್ 2015ರಲ್ಲಿ ಹತ್ತು ಸಾವಿರ ಡಾಲರಿಗೆ ಬಂದವರು. ದೀರ್ಘಕಾಲದ ಯಶಸ್ಸು ಸೋಲಿನಿಂದ ದೊರೆತ ಮೊದಲ ಆಯ್ಕೆಗಳಿಂದ ಬಂದುದಲ್ಲ. ಗೆಲ್ಲುತ್ತಿದ್ದಾಗಲೂ ನಿಲ್ಲದ ಹುಡುಕಾಟದಿಂದ ಬಂದುದು.

ಇಲ್ಲಿಗೆ ನಿಲ್ಲಿಸಿದರೆ ಲೇಖನ ಅರ್ಧಸತ್ಯವಾದೀತು. 2019ರ ನವೆಂಬರಿನಲ್ಲಿ ಹೂಸ್ಟನ್‌ನ ಮಾಜಿ ಆಟಗಾರರೊಬ್ಬರು, 2017ರಲ್ಲಿ ತಂಡ ಕ್ಯಾಮೆರಾ ಬಳಸಿ ಎದುರಾಳಿಯ ಗುಪ್ತ ಸಂಜ್ಞೆಗಳನ್ನು ಕದಿಯುತ್ತಿತ್ತೆಂದು ಬಹಿರಂಗಪಡಿಸಿದರು. ಬರಲಿರುವ ಎಸೆತ ಯಾವುದೆಂದು ದಾಂಡಿಗನಿಗೆ ತಿಳಿಸಲು ಕಸದ ಡಬ್ಬಿಯನ್ನು ಬಡಿಯಲಾಗುತ್ತಿತ್ತು. 2020ರ ಜನವರಿಯಲ್ಲಿ ಲೀಗ್, ಲುನೋ ಹಾಗೂ ತರಬೇತುದಾರ ಎ.ಜೆ. ಹಿಂಚ್ ಅವರನ್ನು ಒಂದು ವರ್ಷ ಅಮಾನತಿನಲ್ಲಿಟ್ಟಿತು. ತಂಡಕ್ಕೆ 50 ಲಕ್ಷ ಡಾಲರ್ ದಂಡ ವಿಧಿಸಿ, ಎರಡು ವರ್ಷಗಳ ಮೊದಲೆರಡು ಸುತ್ತಿನ ಆಯ್ಕೆಗಳನ್ನು ಕಸಿದುಕೊಂಡಿತು. ಮಾಲೀಕರು ಅಂದೇ ಇಬ್ಬರನ್ನೂ ವಜಾ ಮಾಡಿದರು. ಆಟಗಾರರಿಗೆ ಶಿಕ್ಷೆಯಾಗಲಿಲ್ಲ, ಪ್ರಶಸ್ತಿಯೂ ಉಳಿಯಿತು. ತಮಗೆ ಇದು ತಿಳಿದಿರಲಿಲ್ಲವೆಂದು ಲುನೋ ವಾದಿಸಿದರು. ಆದರೆ ಲೀಗ್‌ನ ವರದಿ ಅವರ ವಿಭಾಗದ ಕಾರ್ಯಸಂಸ್ಕೃತಿಯನ್ನೇ ಪ್ರಶ್ನಿಸಿತು. ಫಲಿತಾಂಶವೊಂದನ್ನೇ ಅಳೆಯುವ ಕಚೇರಿಯಲ್ಲಿ ‘ಹೇಗೆ ಬಂತು’ ಎಂದು ಕೇಳುವವರು ಕ್ರಮೇಣ ಇಲ್ಲವಾಗುತ್ತಾರೆ. ಗುರಿ ತಲುಪಿದ ಅಂಕಿಗಳನ್ನು ಮೇಲಕ್ಕೆ ಕಳುಹಿಸುತ್ತಿದ್ದ ನಮಗೆ ಇದು ಚೆನ್ನಾಗಿ ಗೊತ್ತು.

ಲೀಗ್ ಕೂಡ ತನ್ನ ನಿಯಮದ ದೋಷವನ್ನು ಅರಿತುಕೊಂಡಿತು. 2022ರ ಒಪ್ಪಂದದಂತೆ ಡ್ರಾಫ್ಟ್‌ನ ಮೊದಲ ಆರು ಆಯ್ಕೆಗಳನ್ನು ಈಗ ಲಾಟರಿ ನಿರ್ಧರಿಸುತ್ತದೆ. ತಂಡಗಳು ವರ್ಷ ವರ್ಷವೂ ಅದರ ಲಾಭ ಪಡೆಯದಂತೆ ಮಿತಿಯಿದೆ. 121 ಪಂದ್ಯ ಸೋತ ವೈಟ್ ಸಾಕ್ಸ್‌ಗೆ 2025ರಲ್ಲಿ ದೊರೆತದ್ದು ಹತ್ತನೆಯ ಆಯ್ಕೆ. ಸೋಲಿನ ಬಹುಮಾನ ಕುಗ್ಗಿದೆ. ಸೋಲಿನ ನೋವನ್ನು ಹೊರುವವರು ಮಾತ್ರ ಬದಲಾಗಿಲ್ಲ. ಕಳೆದ ಮೂರು ವರ್ಷಗಳನ್ನು ಮಾಲೀಕರು ಹೂಡಿಕೆಯೆಂದು ಲೆಕ್ಕಕ್ಕೆ ಬರೆದುಕೊಳ್ಳಬಹುದು; ಎಪ್ಪತ್ತು ದಾಟಿದ ಪ್ರೇಕ್ಷಕನಿಗೆ ಅವು ಮರಳಿ ಬಾರದ ಮೂರು ಬೇಸಿಗೆಗಳು. ಅವನಿಂದ ತಾಳ್ಮೆ ಬೇಡುವವರು ನಡೆಯುತ್ತಿರುವುದನ್ನು ಅವನಿಗೆ ಪ್ರಾಮಾಣಿಕವಾಗಿ ತಿಳಿಸಬೇಕಾದುದು ಕನಿಷ್ಠ ಕರ್ತವ್ಯ. ಹೂಸ್ಟನ್ ಸೋಲುತ್ತಿದ್ದಾಗ ಈ ಕರ್ತವ್ಯವನ್ನು ಪಾಲಿಸಿತು, ಗೆಲ್ಲುವಾಗ ಮರೆಯಿತು.

ಬೇಸ್‌ಬಾಲಿನ ಅಂಕಫಲಕದಲ್ಲಿ ಒಂದು ವಿಶೇಷವಿದೆ. ಓಟ ಮತ್ತು ಹೊಡೆತಗಳ ಪಕ್ಕದಲ್ಲಿಯೇ ಮೂರನೆಯ ಅಂಕಣವೊಂದಿರುತ್ತದೆ. ತಂಡ ಕ್ಷೇತ್ರರಕ್ಷಣೆಯಲ್ಲಿ ಮಾಡಿದ ತಪ್ಪುಗಳ ಸಂಖ್ಯೆಯನ್ನು ಅಲ್ಲಿ ಎಲ್ಲರಿಗೂ ಕಾಣುವಂತೆ ಬರೆಯುತ್ತಾರೆ. ನನ್ನ ಪಕ್ಕದಲ್ಲಿದ್ದ ಹಿರಿಯರು ಅಂದು ತಮ್ಮ ಹಾಳೆಯಲ್ಲಿ ಊರಿನ ತಂಡದ ತಪ್ಪುಗಳನ್ನೂ ಅಷ್ಟೇ ಶ್ರದ್ಧೆಯಿಂದ ಗುರುತಿಸಿಕೊಂಡರು. ಮೂವತ್ತು ವರ್ಷಗಳ ಸೇವೆಯಲ್ಲಿ ನಾನು ನೂರಾರು ವಾರ್ಷಿಕ ವರದಿಗಳನ್ನು ಓದಿದ್ದೇನೆ, ಕೆಲವನ್ನು ಬರೆದಿದ್ದೇನೆ. ಅವುಗಳಲ್ಲಿ ಒಂದರಲ್ಲಿಯೂ ಆ ಮೂರನೆಯ ಅಂಕಣವಿರಲಿಲ್ಲ.