ಘಟ್ಟದ ಹಾದಿಯ ನಿಲುಗಡೆಗಳು: ಪಶ್ಚಿಮ ಘಟ್ಟದ ಹೆದ್ದಾರಿಗಳ ಜಾನಪದೀಯ ವಿವೇಚನೆ

ಕರ್ನಾಟಕದ ಕರಾವಳಿ ಪಟ್ಟಣಗಳಿಂದ ಒಳನಾಡಿನ ನಗರಗಳಿಗೆ ಸಾಗುವ ಹೆದ್ದಾರಿಗಳು ಪಶ್ಚಿಮ ಘಟ್ಟವನ್ನು ಏರಲೇಬೇಕು. ಮಂಗಳೂರನ್ನು ಹಾಸನದೊಡನೆ ಶಿರಾಡಿ ಘಾಟಿಯೂ, ಮೂಡಿಗೆರೆಯೊಡನೆ ಚಾರ್ಮಾಡಿ ಘಾಟಿಯೂ, ಮಡಿಕೇರಿಯೊಡನೆ ಸಂಪಾಜೆ ಘಾಟಿಯೂ ಜೋಡಿಸುತ್ತವೆ. ಉಡುಪಿಯಿಂದ ತೀರ್ಥಹಳ್ಳಿಗೆ ಆಗುಂಬೆ, ಕುಂದಾಪುರದಿಂದ ಹೊಸನಗರಕ್ಕೆ ಹುಲಿಕಲ್, ಕುಮಟಾದಿಂದ ಶಿರಸಿಗೆ ದೇವಿಮನೆ ಘಾಟಿಗಳಿವೆ. ಈ ರಸ್ತೆಗಳನ್ನು ಉದ್ದ, ಅಗಲ, ಇಳಿಜಾರುಗಳ ಲೆಕ್ಕದಲ್ಲಿ ವಿವರಿಸುವುದು ರೂಢಿ. ಜನ ಈ ಹಾದಿಗಳಲ್ಲಿ ಎಲ್ಲಿ ನಿಲ್ಲುತ್ತಾರೆ, ಏಕೆ ನಿಲ್ಲುತ್ತಾರೆ ಎಂಬ ಪ್ರಶ್ನೆಯೂ ಅಷ್ಟೇ ಮುಖ್ಯವಾದುದು. ನಿಲುಗಡೆಯು ಘಟ್ಟದ ಸಂಚಾರದ ಅವಿಭಾಜ್ಯ ಅಂಗವೆಂಬುದನ್ನು ವಿವೇಚಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

ಮೋಟಾರು ಬರುವ ಮುನ್ನ ಘಟ್ಟದ ಸಾಗಾಟವು ಹೇರೆತ್ತುಗಳನ್ನೂ ತಲೆಹೊರೆಯನ್ನೂ ಅವಲಂಬಿಸಿತ್ತು. ಕೆಳಗಿನಿಂದ ಉಪ್ಪು, ಒಣಮೀನುಗಳು ಮೇಲೇರಿದರೆ, ಮೇಲಿನಿಂದ ಅಡಿಕೆ, ಮೆಣಸು, ಏಲಕ್ಕಿಗಳು ಬಂದರುಗಳಿಗೆ ಇಳಿಯುತ್ತಿದ್ದವು. ಏರುವ ಮುನ್ನ ಎತ್ತಿಗೆ ನೀರು, ಹೊರುವವನಿಗೆ ವಿಶ್ರಾಂತಿ ಅನಿವಾರ್ಯವಾಗಿತ್ತು. ಇದಲ್ಲದೆ ಘಟ್ಟವು ಆಡಳಿತದ ಗಡಿಯೂ ಆಗಿತ್ತು. 1956ರ ನವೆಂಬರ್ 1ರವರೆಗೆ ಆಗುಂಬೆಯ ಮೇಲುಭಾಗ ಮೈಸೂರು ರಾಜ್ಯಕ್ಕೂ, ಕೆಳಭಾಗ ಮದ್ರಾಸಿಗೆ ಸೇರಿದ ದಕ್ಷಿಣ ಕನ್ನಡ ಜಿಲ್ಲೆಗೂ ಒಳಪಟ್ಟಿದ್ದವು. ಆ ಕಾಲದಲ್ಲಿ ಘಟ್ಟ ಇಳಿಯುವುದೆಂದರೆ ಸೀಮೆ ದಾಟುವುದೇ ಆಗಿತ್ತು. ಗಡಿ ಅಳಿದರೂ 'ಘಟ್ಟದ ಮೇಲಿನವರು', 'ಘಟ್ಟದ ಕೆಳಗಿನವರು' ಎಂಬ ಮಾತುಗಳು ಇಂದಿಗೂ ಬಳಕೆಯಲ್ಲಿವೆ.

ಮೈಸೂರು ಸರ್ಕಾರದ ರಸ್ತೆ ಸಾರಿಗೆ ಇಲಾಖೆಯು 1948ರಲ್ಲಿ 120 ಬಸ್ಸುಗಳೊಡನೆ ಆರಂಭವಾಯಿತು. 1961ರಲ್ಲಿ ಅದು ನಿಗಮವಾಯಿತು. ಮಲೆನಾಡು ಮತ್ತು ಕರಾವಳಿಗಳಲ್ಲಿ ಖಾಸಗಿ ಬಸ್ಸುಗಳ ಪಾತ್ರವೂ ಹಿರಿದು. ಯಾರದೇ ಬಸ್ಸಾದರೂ ಘಟ್ಟದ ನಿಯಮಕ್ಕೆ ಅಧೀನ. ಆಗುಂಬೆಯ ಹದಿನಾಲ್ಕು ಕಡಿದಾದ ತಿರುವುಗಳಲ್ಲಿ ಉದ್ದನೆಯ ಬಸ್ಸು ತಿರುಗುವುದು ಕಷ್ಟವಾದ್ದರಿಂದ ಅಲ್ಲಿ ಮಿನಿ ಬಸ್ಸುಗಳೇ ರೂಢಿಗೆ ಬಂದವು. ಹಳೆಯ ವಾಹನಗಳು ಏರು ಮುಗಿದೊಡನೆ ರೇಡಿಯೇಟರಿಗೆ ನೀರು ಹಾಕಿಸಿಕೊಳ್ಳಬೇಕಿತ್ತು. ಇಳಿಯುವ ಮೊದಲು ಬ್ರೇಕನ್ನು ಪರೀಕ್ಷಿಸಬೇಕಿತ್ತು. ಎತ್ತು ಹೋಗಿ ಎಂಜಿನ್ ಬಂದರೂ ನಿಲುಗಡೆಯ ಅಗತ್ಯ ಮುಂದುವರಿಯಿತೆಂಬುದನ್ನು ಇಲ್ಲಿ ಗಮನಿಸಬೇಕು.

ಈ ಅಗತ್ಯಕ್ಕೆ ಜನಪದರು ನೀಡಿದ ರೂಪವೇ ಘಾಟಿಯ ಗುಡಿ. ಚಾರ್ಮಾಡಿಯಲ್ಲಿ ಅಣ್ಣಪ್ಪ ಸ್ವಾಮಿಯ, ಹುಲಿಕಲ್ಲಿನಲ್ಲಿ ಚಂಡಿಕಾಂಬೆಯ ಸನ್ನಿಧಿಗಳಿವೆ. ದೇವಿಮನೆಯಲ್ಲಿ ಘಾಟಿಯ ಹೆಸರೇ ದೇವಿಯದು. ವಾಹನ ನಿಧಾನಿಸುತ್ತದೆ, ಕಾಣಿಕೆ ಸಲ್ಲುತ್ತದೆ, ಕುಂಕುಮ ಹಚ್ಚಿಕೊಂಡ ಚಾಲಕ ಮತ್ತೆ ಹೊರಡುತ್ತಾನೆ. ಇದನ್ನು ಕೇವಲ ಭಯದ ಆಚರಣೆ ಎನ್ನುವುದು ಸರಿಯಲ್ಲ. ಪ್ರಯಾಣಿಕರನ್ನೂ ಚಾಲಕನನ್ನೂ ಒಂದು ಗಳಿಗೆ ಎಚ್ಚರಕ್ಕೆ ತರುವ ಸಾಮಾಜಿಕ ವ್ಯವಸ್ಥೆಯಾಗಿಯೂ ಅದು ಕೆಲಸ ಮಾಡುತ್ತದೆ. ಚಾರ್ಮಾಡಿಯ ನೆತ್ತಿಯ ಕೊಟ್ಟಿಗೆಹಾರದಲ್ಲಿ ನೀರುದೋಸೆಗಾಗಿ ನಿಲ್ಲುವುದು ಇದರ ಲೌಕಿಕ ರೂಪ. ಶಿವರಾತ್ರಿಯ ವೇಳೆ ಧರ್ಮಸ್ಥಳಕ್ಕೆ ಪಾದಯಾತ್ರೆ ಹೊರಟವರು ಇದೇ ಹೆದ್ದಾರಿಯಲ್ಲಿ ನಡೆದು ಇಳಿಯುವಾಗ ಹಳೆಯ ಕಾಲುದಾರಿಯ ಲಯ ಮರುಕಳಿಸುತ್ತದೆ.

ಹೆಸರುಗಳ ವಿಷಯದಲ್ಲಿಯೂ ಇದೇ ನಿರಂತರತೆಯಿದೆ. 2010ರ ಮರುಸಂಖ್ಯೆಯಲ್ಲಿ ಶಿರಾಡಿಯ ರಾಷ್ಟ್ರೀಯ ಹೆದ್ದಾರಿ 48 ಎಂಬುದು 75 ಆಯಿತು. ಚಾರ್ಮಾಡಿಯ 234 ಎಂಬುದು 73 ಆಯಿತು. ಜನರ ಬಾಯಲ್ಲಿ ಮಾತ್ರ ಅವು ಶಿರಾಡಿ, ಚಾರ್ಮಾಡಿಗಳಾಗಿಯೇ ಉಳಿದವು.

ಘಟ್ಟದ ಹಾದಿ ಕಡಿದಾಗ ಅದರ ಬೆಲೆ ತಿಳಿಯುತ್ತದೆ. ಕಾಂಕ್ರೀಟ್ ಕಾಮಗಾರಿಗಾಗಿ ತಿಂಗಳುಗಟ್ಟಲೆ ಮುಚ್ಚಿದ್ದ ಶಿರಾಡಿ 2018ರ ಜುಲೈನಲ್ಲಿ ತೆರೆದು, ಆಗಸ್ಟಿನ ಮಳೆಗೆ ಮತ್ತೆ ಮುಚ್ಚಿತು. ಅದೇ ತಿಂಗಳು ಮಡಿಕೇರಿ–ಸಂಪಾಜೆ ರಸ್ತೆಯೂ ಕುಸಿಯಿತು. 2019ರ ಆಗಸ್ಟಿನಲ್ಲಿ ಚಾರ್ಮಾಡಿಯ ಸರದಿ. ಮಂಗಳೂರು, ಮಣಿಪಾಲಗಳ ಆಸ್ಪತ್ರೆಗಳನ್ನು ನಂಬಿದ ಮಲೆನಾಡಿನ ರೋಗಿಗೆ ಘಾಟಿ ಮುಚ್ಚುವುದು ಜೀವನ್ಮರಣದ ಪ್ರಶ್ನೆ. ಆದ್ದರಿಂದ ರಸ್ತೆ ಸುಭದ್ರವಾಗಬೇಕು, ಅಗತ್ಯವಿದ್ದಲ್ಲಿ ಅಗಲವೂ ಆಗಬೇಕೆಂಬುದರಲ್ಲಿ ಎರಡು ಮಾತಿಲ್ಲ.

ಆದರೆ ಅಗಲೀಕರಣದ ನಕ್ಷೆಯಲ್ಲಿ ಗುಡಿ, ಒರತೆ, ಹಳೆಯ ಮರ, ಹೋಟೆಲಿನ ಚಪ್ಪರಗಳು ಅಡಚಣೆಗಳಾಗಿ ಮಾತ್ರ ಕಾಣುವ ಅಪಾಯವಿದೆ. ಯಾವ ತಿರುವಿನಲ್ಲಿ ಮಂಜು ದಟ್ಟ, ಯಾವ ಬದಿಯಲ್ಲಿ ಮಳೆಗಾಲದ ನೀರು ನುಗ್ಗುತ್ತದೆ, ಎಲ್ಲಿ ಮಣ್ಣು ಸಡಿಲ ಎಂಬ ತಿಳಿವು ಹಿರಿಯ ಚಾಲಕರು, ನಿರ್ವಾಹಕರು, ಅರ್ಚಕರು, ಹೋಟೆಲಿನವರ ನೆನಪಿನಲ್ಲಿದೆ. ಅದು ಭೂವಿಜ್ಞಾನಕ್ಕೆ ಬದಲಿಯಾಗಲಾರದು. ಅದಕ್ಕೆ ಪೂರಕವಂತೂ ಆಗಬಲ್ಲುದು. ಪ್ರತಿ ಘಾಟಿಯ ನಿಲುಗಡೆ, ತಿರುವಿನ ಹೆಸರು, ಐತಿಹ್ಯ ಮತ್ತು ಅಪಾಯದ ನೆನಪುಗಳನ್ನು ಕಿಲೋಮೀಟರುವಾರು ದಾಖಲಿಸುವುದು ಜಾನಪದ ಅಧ್ಯಯನದ ತುರ್ತು ಕೆಲಸವಾಗಿದೆ. ಕಾಮಗಾರಿಗೆ ಮುನ್ನವೇ ಆ ದಾಖಲೆ ಸಿದ್ಧವಾದರೆ ರಸ್ತೆಗೂ ಅಧ್ಯಯನಕ್ಕೂ ಉಪಯೋಗ. ಗುಡ್ಡ ಅಗೆದ ಮೇಲೆ ಕೈಗೆತ್ತಿಕೊಂಡರೆ ಕೇಳಬೇಕಾದ ಜನರೂ ತೋರಿಸಬೇಕಾದ ಜಾಗವೂ ಉಳಿದಿರುವುದಿಲ್ಲ.