ಕುಂಬಳಕಾಯಿ ಕಳ್ಳನೂ ಸುಳ್ಳು ಹಿಡಿಯುವ ಯಂತ್ರವೂ

‘ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ’ ಎಂಬ ಗಾದೆಯನ್ನು ಕೇಳದ ಕನ್ನಡಿಗರು ಇರಲಾರರು. ಕದ್ದ ಬೂದುಗುಂಬಳವನ್ನು ಹೊತ್ತು ತಂದವನಿಗೆ, ಅದರ ಬೂದಿ ಹೆಗಲಿಗೆ ಅಂಟಿಕೊಂಡಿದೆಯೇನೋ ಎಂಬ ಅಳುಕು. ಯಾರೂ ಅವನ ಹೆಸರನ್ನು ಎತ್ತದಿದ್ದರೂ ಅವನ ಕೈ ತಾನಾಗಿಯೇ ಹೆಗಲಿಗೆ ಹೋಗುತ್ತದೆ. ನಾಲಗೆ ಮುಚ್ಚಿಟ್ಟದ್ದನ್ನು ದೇಹವು ಹೊರಗೆಡಹುತ್ತದೆ ಎಂಬ ನಂಬಿಕೆ ಈ ಗಾದೆಯಲ್ಲಿ ಅಡಗಿದೆ. ಇದೇ ನಂಬಿಕೆಯನ್ನು ಆಧಾರವಾಗಿಟ್ಟುಕೊಂಡು ಇಪ್ಪತ್ತನೆಯ ಶತಮಾನದಲ್ಲಿ ಕೆಲವು ಉಪಕರಣಗಳು ಹುಟ್ಟಿದವು. ಅವುಗಳನ್ನು ಆಪಾದಿತನ ಇಚ್ಛೆಗೆ ವಿರೋಧವಾಗಿ ಅವನ ಮೈಗೆ ಜೋಡಿಸಬಹುದೇ? ಈ ಪ್ರಶ್ನೆ ನಮ್ಮ ದೇಶದ ಸರ್ವೋಚ್ಚ ನ್ಯಾಯಾಲಯದವರೆಗೂ ಹೋಯಿತು. ಆ ಮೊಕದ್ದಮೆಯಲ್ಲಿ ಪ್ರತಿವಾದಿಯಾಗಿ ನಿಂತದ್ದು ಕರ್ನಾಟಕ ರಾಜ್ಯವೇ. ಇದು ವಕೀಲರ ವಿಷಯವೆಂದು ವಿಜ್ಞಾನದ ವಿದ್ಯಾರ್ಥಿಗಳು ಕೈಬಿಡುವಂತಿಲ್ಲ. ಇದರಲ್ಲಿ ಅರ್ಧ ನ್ಯಾಯಶಾಸ್ತ್ರವಾದರೆ ಉಳಿದರ್ಧ ಅಳತೆಯ ಶಾಸ್ತ್ರ.

ಹಳೆಯ ದಿವ್ಯಗಳು

ದೇಹದಿಂದ ಸತ್ಯವನ್ನು ಹೊರಡಿಸುವ ಆಸೆ ಬಹಳ ಪುರಾತನವಾದುದು. ಯಾಜ್ಞವಲ್ಕ್ಯ ಸ್ಮೃತಿಯಲ್ಲಿ ತುಲಾ, ಅಗ್ನಿ, ಜಲ, ವಿಷ, ಕೋಶ ಎಂಬ ಐದು ದಿವ್ಯಗಳನ್ನು ಹೇಳಿದೆ. ಕಲ್ಯಾಣದ ಚಾಲುಕ್ಯ ದೊರೆ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ವಿಜ್ಞಾನೇಶ್ವರನು ರಚಿಸಿದ ‘ಮಿತಾಕ್ಷರ’ವು ಆ ಸ್ಮೃತಿಯ ಪ್ರಸಿದ್ಧ ವ್ಯಾಖ್ಯಾನ. ತುಲಾದಿವ್ಯದಲ್ಲಿ ಆಪಾದಿತನನ್ನು ತಕ್ಕಡಿಯಲ್ಲಿ ಕೂರಿಸಿ ತೂಗಿ, ಇಳಿಸಿ, ಮತ್ತೆ ಕೂರಿಸುತ್ತಿದ್ದರು. ಎರಡನೆಯ ಬಾರಿ ಅವನ ತಟ್ಟೆ ಮೇಲೇರಿದರೆ ಅವನು ನಿರ್ದೋಷಿ. ಬೇರೆ ಸ್ಮೃತಿಗಳಲ್ಲಿ ಅಕ್ಕಿಯನ್ನು ಅಗಿದು ಉಗುಳಿಸುವ ತಂಡುಲದಿವ್ಯವೂ ಉಂಟು. ಭಯಗೊಂಡವನ ಬಾಯಿ ಒಣಗುವುದು ನಮಗೆಲ್ಲ ಅನುಭವದ ಮಾತೇ ಆದುದರಿಂದ, ಈ ಪರೀಕ್ಷೆಯ ಹಿಂದೆ ಕೊಂಚ ಶರೀರಶಾಸ್ತ್ರವೂ ಇದೆಯೆನ್ನಬಹುದು. ಆದರೆ ನಮ್ಮ ಹಿರಿಯರು ಒಂದು ಎಚ್ಚರಿಕೆಯನ್ನು ಮರೆಯಲಿಲ್ಲ: ಪತ್ರ, ಅನುಭೋಗ, ಸಾಕ್ಷಿ ಎಂಬ ಮಾನುಷ ಪ್ರಮಾಣಗಳು ಯಾವುವೂ ದೊರೆಯದಿದ್ದಾಗ ಮಾತ್ರವೇ ದಿವ್ಯ.

ಯಂತ್ರವು ಅಳೆಯುವುದೇನು?

ಈಗ ಹೊಸ ದಿವ್ಯಕ್ಕೆ ಬರೋಣ. 1921ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾ ಪ್ರಾಂತದ ಬರ್ಕ್ಲಿ ಪಟ್ಟಣದ ಪೋಲೀಸ್ ಇಲಾಖೆಯಲ್ಲಿದ್ದ ಜಾನ್ ಲಾರ್ಸನ್ ಎಂಬವರು ರಕ್ತದೊತ್ತಡವನ್ನೂ ಉಸಿರಾಟವನ್ನೂ ಒಟ್ಟಿಗೆ ಬರೆದಿಡುವ ಯಂತ್ರವೊಂದನ್ನು ಸಿದ್ಧಪಡಿಸಿದರು. ಇದೇ ಮುಂದೆ ಪಾಲಿಗ್ರಾಫ್ ಎಂದು ಹೆಸರಾಯಿತು. ಎದೆಗೆ ಮತ್ತು ಹೊಟ್ಟೆಗೆ ಸುತ್ತಿದ ರಬ್ಬರಿನ ಕೊಳವೆಗಳು ಉಸಿರಿನ ಏರಿಳಿತವನ್ನು ತೋರಿಸುತ್ತವೆ. ತೋಳಿಗೆ ಕಟ್ಟಿದ ಪಟ್ಟಿ ರಕ್ತದೊತ್ತಡವನ್ನೂ ನಾಡಿಯನ್ನೂ ಗುರುತಿಸುತ್ತದೆ. ಬೆರಳುಗಳಿಗೆ ತೊಡಿಸಿದ ಎರಡು ಲೋಹದ ಪಟ್ಟಿಗಳ ನಡುವೆ ಅತ್ಯಲ್ಪ ವಿದ್ಯುತ್ಪ್ರವಾಹವನ್ನು ಹರಿಸಿ ಚರ್ಮದ ರೋಧವನ್ನು ಅಳೆಯುತ್ತಾರೆ. ಒಣಗಿದ ಚರ್ಮವು ಪ್ರವಾಹಕ್ಕೆ ಬಹಳ ಅಡ್ಡಿಪಡಿಸುತ್ತದೆ. ಮನಸ್ಸು ಕದಡಿದೊಡನೆ ಅಂಗೈಯ ಬೆವರಿನ ಗ್ರಂಥಿಗಳು ಚುರುಕಾಗುತ್ತವೆ, ಉಪ್ಪುಗೂಡಿದ ಬೆವರು ಒಳ್ಳೆಯ ವಾಹಕವಾದುದರಿಂದ ರೋಧ ಕುಗ್ಗುತ್ತದೆ, ಸೂಚಿ ಓಲಾಡುತ್ತದೆ.

ಇಷ್ಟರವರೆಗೆ ಎಲ್ಲವೂ ನಿಷ್ಕೃಷ್ಟವಾದ ಭೌತವಿಜ್ಞಾನ. ಇಲ್ಲಿ ಯಾರಿಗೂ ತಕರಾರಿಲ್ಲ. ಆದರೆ ಗಮನಿಸಿ: ನಾವು ಅಳೆದದ್ದು ಉಸಿರು, ಒತ್ತಡ, ರೋಧ. ಸುಳ್ಳನ್ನು ಅಳೆಯಲಿಲ್ಲ. ರೋಧದಿಂದ ಬೆವರಿಗೆ, ಬೆವರಿನಿಂದ ಉದ್ವೇಗಕ್ಕೆ, ಉದ್ವೇಗದಿಂದ ಸುಳ್ಳಿಗೆ ಮೂರು ಮೆಟ್ಟಿಲುಗಳಿವೆ. ಮೊದಲ ಎರಡು ಗಟ್ಟಿಯಾಗಿವೆ, ಮೂರನೆಯದು ಮುರುಕಲು.

ನಮ್ಮ ಪ್ರಯೋಗಶಾಲೆಯಲ್ಲಿ

ಈ ಮೂರನೆಯ ಮೆಟ್ಟಿಲಿನಲ್ಲಿ ನಾವೇ ಒಮ್ಮೆ ಜಾರಿದೆವು. ಕೆಲವು ವರ್ಷಗಳ ಹಿಂದೆ ನಮ್ಮ ಪ್ರಾಯೋಗಿಕ ತರಗತಿಯಲ್ಲಿ ಒಂದು ಸ್ಟಾಪ್‌ವಾಚ್ ಕಾಣೆಯಾಯಿತು. ಅದೇ ವಾರ ಗ್ಯಾಲ್ವನೋಮೀಟರಿನಿಂದ ಚರ್ಮದ ರೋಧವನ್ನು ತೋರಿಸಿದ್ದೆವು. ‘ಸಾರ್, ಎಲ್ಲರಿಗೂ ತಂತಿ ಹಿಡಿಸಿ ನೋಡೋಣ’ ಎಂದನೊಬ್ಬ ವಿದ್ಯಾರ್ಥಿ. ವಿನೋದಕ್ಕೆಂದು ನಾವೂ ಒಪ್ಪಿದೆವು. ಒಬ್ಬೊಬ್ಬರೇ ಬಂದು ಹಿಡಿದರು. ಹಳ್ಳಿಯಿಂದ ಬಂದು ವಿದ್ಯಾರ್ಥಿನಿಲಯದಲ್ಲಿದ್ದು ಓದುತ್ತಿದ್ದ, ಮಿತಭಾಷಿಯಾದ ಒಬ್ಬ ಹುಡುಗನ ಸರದಿ ಬಂದಾಗ ಸೂಚಿಯು ಉಳಿದವರೆಲ್ಲರಿಗಿಂತ ಹೆಚ್ಚಾಗಿ ಓಲಿತು. ತರಗತಿಯೆಲ್ಲ ಗೊಳ್ಳೆಂದಿತು. ‘ನಾನು ತೆಗೆದಿಲ್ಲ ಸಾರ್’ ಎಂದಷ್ಟೇ ಹೇಳಿ ಅವನು ತಲೆ ತಗ್ಗಿಸಿದ. ಎರಡು ದಿನ ಯಾರೂ ಅವನ ಪಕ್ಕದಲ್ಲಿ ಕೂರಲಿಲ್ಲ. ಮೂರನೆಯ ದಿನ ತೂಕದ ಬಟ್ಟುಗಳ ಪೆಟ್ಟಿಗೆಯ ಅಡಿಯಲ್ಲಿ ವಾಚು ಸಿಕ್ಕಿತು. ಅದನ್ನು ಅಲ್ಲಿಟ್ಟು ಮರೆತವರು ನಾವೇ. ತರಗತಿಯ ಮುಂದೆ ಅವನ ಕ್ಷಮೆ ಕೇಳಿದೆವು. ಆದರೆ ಆ ಎರಡು ದಿನಗಳನ್ನು ಅವನಿಗೆ ಹಿಂದಿರುಗಿಸುವ ಉಪಾಯ ಯಾವ ಪ್ರಯೋಗಶಾಲೆಯಲ್ಲಿಯೂ ಇಲ್ಲ.

ಗ್ಯಾಲ್ವನೋಮೀಟರು ತಪ್ಪು ಹೇಳಿರಲಿಲ್ಲ. ಅವನ ಕೈ ಬೆವರಿದ್ದು ನಿಜ. ತನ್ನನ್ನು ನಂಬುವವರಿಲ್ಲವೆಂಬ ಭಯಕ್ಕೆ ಬೆವರಿದ ಕೈಗೆ ‘ಕಳ್ಳತನ’ವೆಂಬ ಅರ್ಥವನ್ನು ಅಂಟಿಸಿದವರು ಮಾತ್ರ ನಾವು. ಕಳ್ಳನಲ್ಲದವನೂ ಹೆಗಲು ಮುಟ್ಟಿ ನೋಡಿಕೊಳ್ಳುವುದುಂಟೆಂದು ಗಾದೆ ಹೇಳುವುದಿಲ್ಲ.

ನೂರಕ್ಕೆ ತೊಂಬತ್ತು

‘ಯಂತ್ರವನ್ನು ಸುಧಾರಿಸಿದರೆ ಸರಿಹೋಗುತ್ತದಲ್ಲ?’ ಎಂದು ವಾಚಕರು ಕೇಳಬಹುದು. ನೂರಕ್ಕೆ ತೊಂಬತ್ತು ಸಲ ಸರಿಯಾಗಿ ಹೇಳುವ ಯಂತ್ರವೊಂದು ನಮ್ಮ ಕೈಗೆ ಸಿಕ್ಕಿತೆಂದು ಊಹಿಸಿಕೊಳ್ಳೋಣ. ನೂರು ಮಂದಿ ಇರುವ ಕಡೆ ಒಬ್ಬನು ಕದ್ದಿದ್ದಾನೆ. ಯಂತ್ರವು ಅವನನ್ನು ಬಹುಮಟ್ಟಿಗೆ ಹಿಡಿಯುತ್ತದೆ. ಆದರೆ ಉಳಿದ 99 ಮಂದಿ ನಿರಪರಾಧಿಗಳಲ್ಲಿ ಹತ್ತರಲ್ಲೊಬ್ಬರಂತೆ ಸುಮಾರು 10 ಮಂದಿಯನ್ನೂ ಕಳ್ಳರೆಂದು ತೋರಿಸುತ್ತದೆ. ಹೀಗೆ ಸಿಕ್ಕಿಬಿದ್ದ 11 ಮಂದಿಯಲ್ಲಿ 10 ಮಂದಿ ನಿರ್ದೋಷಿಗಳು! ‘ತಪ್ಪು ಮಾಡದವನಿಗೆ ಭಯವೇಕೆ?’ ಎಂಬ ಪ್ರಶ್ನೆಗೆ ಈ ಸರಳ ಗಣಿತವೇ ಉತ್ತರ.

ಇನ್ನೊಂದು ಕಡೆಯ ತಪ್ಪೂ ಉಂಟು. ಅಮೆರಿಕದ ಗೂಢಚಾರ ಸಂಸ್ಥೆಯಾದ ಸಿ.ಐ.ಎ.ಯಲ್ಲಿದ್ದು 1985ರಿಂದ ಸೋವಿಯೆಟ್ ಒಕ್ಕೂಟಕ್ಕೆ ರಹಸ್ಯಗಳನ್ನು ಮಾರಿದ ಆಲ್ಡ್ರಿಚ್ ಏಮ್ಸ್ ಎಂಬವನು 1986ರಲ್ಲಿಯೂ 1991ರಲ್ಲಿಯೂ ಪಾಲಿಗ್ರಾಫ್ ಪರೀಕ್ಷೆಯಲ್ಲಿ ತೇರ್ಗಡೆಯಾದನು. ಅವನು ಬಂಧಿತನಾದದ್ದು 1994ರಲ್ಲಿ. ಅಳುಕುವ ನಿರ್ದೋಷಿಯನ್ನು ಹಿಡಿದು ಅಳುಕದ ಅಪರಾಧಿಯನ್ನು ಬಿಡುವ ಬಲೆಯೆಂದರೆ ಇದೇ.

ಸೂಜಿಮದ್ದು ಮತ್ತು ಮಿದುಳಿನ ಅಲೆ

ಮೈಯನ್ನು ಬಿಟ್ಟು ನೇರವಾಗಿ ಮನಸ್ಸಿಗೇ ಕೈಹಾಕುವ ಯತ್ನಗಳೂ ನಡೆದಿವೆ. 1922ರಲ್ಲಿ ಅಮೆರಿಕದ ಟೆಕ್ಸಾಸ್ ಪ್ರಾಂತದ ಡಾಕ್ಟರ್ ರಾಬರ್ಟ್ ಹೌಸ್ ಎಂಬವರು ಸ್ಕೋಪೋಲಮೀನ್ ಎಂಬ ಮದ್ದನ್ನು ಕೈದಿಗಳ ಮೇಲೆ ಪ್ರಯೋಗಿಸಿದರು. ನಮ್ಮ ದೇಶದಲ್ಲಿ ‘ನಾರ್ಕೋ’ ಎಂದು ಹೆಸರಾದ ಪರೀಕ್ಷೆಯಲ್ಲಿ ಬಳಸುವುದು ಸೋಡಿಯಂ ಪೆಂಟೊಥಾಲ್. ಇದು ಶಸ್ತ್ರಚಿಕಿತ್ಸೆಗೆ ಮುನ್ನ ಅರಿವು ತಪ್ಪಿಸುವ ಔಷಧಿ. ಅಲ್ಪ ಪ್ರಮಾಣದಲ್ಲಿ ಕೊಟ್ಟರೆ ಮನುಷ್ಯನು ಮಂಪರಿನಲ್ಲಿ ಮಾತನಾಡುತ್ತಾನೆ. ಆದರೆ ಮದ್ದು ಸಡಿಲಿಸುವುದು ನಾಲಗೆಯ ಬಿಗಿಯನ್ನು. ಕಂಡದ್ದನ್ನೂ ಕಲ್ಪಿಸಿದ್ದನ್ನೂ ಅದು ಬೇರ್ಪಡಿಸುವುದಿಲ್ಲ. ಪ್ರಶ್ನೆ ಕೇಳುವವನೇ ಸೂಚಿಸಿದ ಮಾತನ್ನು ತನ್ನ ನೆನಪೆಂದು ಹೇಳಿಬಿಡುವ ಅಪಾಯವೂ ಇದೆ.

ಮೂರನೆಯದು ಮಿದುಳಿನ ಪರೀಕ್ಷೆ. ಪರಿಚಿತವಾದ ವಸ್ತುವನ್ನು ಗುರುತಿಸಿದಾಗ ಸುಮಾರು 300 ಮಿಲಿಸೆಕೆಂಡುಗಳ ಬಳಿಕ ಮಿದುಳಿನಲ್ಲಿ ಅತಿ ಸಣ್ಣ ವಿದ್ಯುತ್ ಅಲೆಯೊಂದು ಏಳುತ್ತದೆ. ಅದನ್ನು ನೆತ್ತಿಯ ಮೇಲಿನ ವಿದ್ಯುದ್ವಾರಗಳಿಂದ ಹಿಡಿಯಬಹುದು. ಆದರೆ ಕೊಲೆಯ ಸ್ಥಳವನ್ನು ಒಬ್ಬನು ಕೊಲೆಗಾರನಾಗಿ ಕಂಡನೋ, ದಾರಿಹೋಕನಾಗಿ ಕಂಡನೋ, ಪತ್ರಿಕೆಯಲ್ಲಿ ಕಂಡನೋ ಎಂಬುದನ್ನು ಆ ಅಲೆ ಹೇಳಲಾರದು.

ನ್ಯಾಯಾಲಯದ ಮಾತು

ಈ ಶತಮಾನದ ಮೊದಲ ದಶಕದಲ್ಲಿ ಇಂತಹ ಪರೀಕ್ಷೆಗಳಿಗೆ ಬೆಂಗಳೂರಿನ ವಿಧಿವಿಜ್ಞಾನ ಪ್ರಯೋಗಾಲಯವು ದೇಶದಲ್ಲೆಲ್ಲ ಹೆಸರಾಗಿತ್ತು. ಆಪಾದಿತರು ಒಪ್ಪದಿದ್ದರೂ ಪರೀಕ್ಷೆಗೆ ಅಪ್ಪಣೆಯಾಗುತ್ತಿತ್ತು. ಇದನ್ನು ಪ್ರಶ್ನಿಸಿದ ಹಲವು ಅರ್ಜಿಗಳನ್ನು ಸರ್ವೋಚ್ಚ ನ್ಯಾಯಾಲಯವು ಒಟ್ಟಿಗೆ ವಿಚಾರಿಸಿತು. ಇದೇ ‘ಸೆಲ್ವಿ ಮತ್ತು ಇತರರು ವಿರುದ್ಧ ಕರ್ನಾಟಕ ರಾಜ್ಯ’ ಎಂಬ ಮೊಕದ್ದಮೆ.

ಸರ್ಕಾರದ ಪಕ್ಷದ ವಾದವನ್ನು ತಳ್ಳಿಹಾಕುವುದು ಸುಲಭವಲ್ಲ. ಸಂಚುಗಾರರ ಗುಟ್ಟು ಬೇಗ ಬಯಲಾದರೆ ಎಷ್ಟೋ ಪ್ರಾಣಗಳು ಉಳಿದಾವು. ಲಾಠಿಯ ಏಟಿಗಿಂತ ಸೂಜಿಯ ಚುಚ್ಚು ಮೇಲಲ್ಲವೇ? ಅಲ್ಲದೆ ಬೆರಳಚ್ಚನ್ನು ಬಲವಂತವಾಗಿ ತೆಗೆದುಕೊಳ್ಳಲು ಕಾನೂನು ಒಪ್ಪಿರುವಾಗ ಬೆವರಿನ ಅಳತೆಗೆ ಏಕೆ ಒಪ್ಪಬಾರದು?

ಬೆರಳಚ್ಚಿನ ವಿಷಯವನ್ನು ಇದೇ ನ್ಯಾಯಾಲಯದ ಹನ್ನೊಂದು ನ್ಯಾಯಾಧೀಶರ ಪೀಠವು 1961ರಲ್ಲಿಯೇ ತೀರ್ಮಾನಿಸಿತ್ತು. ಯಾವ ಆಪಾದಿತನನ್ನೂ ತನ್ನ ವಿರುದ್ಧ ತಾನೇ ಸಾಕ್ಷಿಯಾಗುವಂತೆ ಬಲಾತ್ಕರಿಸಕೂಡದೆಂದು ನಮ್ಮ ಸಂವಿಧಾನದ 20ನೆಯ ಅನುಚ್ಛೇದದ 3ನೆಯ ಖಂಡವು ಹೇಳುತ್ತದೆ. ಬೆರಳಚ್ಚು ಕೊಡುವುದು ಸಾಕ್ಷಿ ನುಡಿದಂತಲ್ಲವೆಂದು ಆಗ ನಿರ್ಣಯವಾಯಿತು. ಬೆರಳಿನ ಗೆರೆಗಳು ಮನುಷ್ಯನ ಮನಸ್ಸಿನಲ್ಲಿರುವುದನ್ನು ಹೇಳುವುದಿಲ್ಲ. ಅವನು ನಿದ್ರಿಸುತ್ತಿದ್ದರೂ ಹೆದರಿದ್ದರೂ ಬದಲಾಗುವುದಿಲ್ಲ. ಸ್ಥಳದಲ್ಲಿ ಬೇರೆಯಾಗಿ ದೊರೆತ ಗುರುತಿನೊಡನೆ ಅವನ್ನು ಯಾರು ಬೇಕಾದರೂ ಹೋಲಿಸಿ ನೋಡಬಹುದು. ಪಾಲಿಗ್ರಾಫ್, ನಾರ್ಕೋ ಮತ್ತು ಮಿದುಳಿನ ಪರೀಕ್ಷೆಗಳು ಹುಡುಕುವುದಾದರೋ ಅವನ ಮನಸ್ಸಿನೊಳಗಿನ ತಿಳಿವಳಿಕೆಯನ್ನು. ಬಾಯಿ ತೆರೆಯದಿದ್ದರೂ ಅದು ಅವನ ಹೇಳಿಕೆಯೇ ಆಯಿತು.

2010ನೆಯ ಮೇ 5ರಂದು ಮೂವರು ನ್ಯಾಯಾಧೀಶರ ಪೀಠವು ತೀರ್ಪಿತ್ತಿತು: ಒಪ್ಪಿಗೆಯಿಲ್ಲದೆ ಈ ಮೂರರಲ್ಲಿ ಯಾವುದನ್ನೂ ಯಾರ ಮೇಲೂ ನಡೆಸಕೂಡದು. ಒಪ್ಪಿ ಪರೀಕ್ಷೆಗೆ ಒಳಗಾದರೂ ಅದರ ಫಲಿತಾಂಶವೇ ಸಾಕ್ಷ್ಯವಾಗಲಾರದು; ಅದರ ನೆರವಿನಿಂದ ಮುಂದೆ ಯಾವುದಾದರೂ ವಸ್ತು ಅಥವಾ ಮಾಹಿತಿ ದೊರೆತರೆ ಅದನ್ನು ಮಾತ್ರ ಕಾನೂನಿನಂತೆ ಪರಿಗಣಿಸಬಹುದು. ಆ ಒಪ್ಪಿಗೆಯನ್ನು ಮ್ಯಾಜಿಸ್ಟ್ರೇಟರ ಮುಂದೆ ದಾಖಲಿಸಬೇಕು. ಆಪಾದಿತನಿಗೆ ವಕೀಲರ ನೆರವು ಇರಬೇಕು. 2025ರ ಜೂನ್ ತಿಂಗಳಿನಲ್ಲಿ ಬಿಹಾರದ ಮೊಕದ್ದಮೆಯೊಂದರಲ್ಲಿ ಸರ್ವೋಚ್ಚ ನ್ಯಾಯಾಲಯವು ಈ ನಿಯಮವನ್ನು ಮತ್ತೊಮ್ಮೆ ಎತ್ತಿಹಿಡಿಯಿತು.

ಇಷ್ಟಾದರೂ ಘೋರವಾದ ಅಪರಾಧವೊಂದು ಸುದ್ದಿಯಾದಾಗಲೆಲ್ಲ ‘ನಾರ್ಕೋ ಮಾಡಿಸಿ’ ಎಂಬ ಕೂಗು ಏಳುತ್ತದೆ. ಆ ಕೂಗಿನ ಹಿಂದೆ ನೊಂದವರ ದುಃಖವಿದೆ. ಅದನ್ನು ಹಗುರವಾಗಿ ಕಾಣಬಾರದು. ಆದರೆ ನೊಂದವರಿಗೆ ಬೇಕಾದುದು ನಿಜವಾದ ಅಪರಾಧಿಯೇ ಹೊರತು ಯಂತ್ರವು ಬೆರಳು ಮಾಡಿದ ಯಾರೋ ಒಬ್ಬನಲ್ಲ. ತಪ್ಪು ಮನುಷ್ಯನು ಸಿಕ್ಕಿದಾಗ ಹುಡುಕಾಟ ನಿಲ್ಲುತ್ತದೆ. ಸರಿಯಾದವನು ಹಾಯಾಗಿ ತಿರುಗುತ್ತಾನೆ. ಸೂಜಿಯು ಲಾಠಿಗಿಂತ ನಯವೆಂಬುದು ನಿಜವೇ ಇರಬಹುದು. ಆದರೆ ಬಲವಂತದ ಮಾತು ಏಟಿನಿಂದ ಬಂದರೂ ಮದ್ದಿನಿಂದ ಬಂದರೂ ಅಷ್ಟೇ ನಂಬಲನರ್ಹ.

ಯಾವ ಉಪಕರಣವನ್ನು ಮುಟ್ಟಿದಾಗಲೂ ವಿದ್ಯಾರ್ಥಿಗಳು ಎರಡು ಪ್ರಶ್ನೆಗಳನ್ನು ಕೇಳಿಕೊಳ್ಳಬೇಕು: ಇದು ನಿಜವಾಗಿ ಅಳೆಯುವುದೇನನ್ನು? ಇದರ ದೋಷವೆಷ್ಟು? ಗುರುತ್ವವನ್ನು ಅಳೆಯುವಾಗ ಈ ಪ್ರಶ್ನೆಗಳನ್ನು ಮರೆತರೆ ಅಂಕ ಕಳೆದುಕೊಳ್ಳುತ್ತೇವೆ. ಮನುಷ್ಯನನ್ನು ಅಳೆಯುವಾಗ ಮರೆತರೆ ಕಳೆದುಕೊಳ್ಳುವವನು ಬೇರೊಬ್ಬ. ನಮ್ಮ ಪ್ರಯೋಗಶಾಲೆಯಲ್ಲಿ ಆ ಗ್ಯಾಲ್ವನೋಮೀಟರು ಈಗಲೂ ಇದೆ, ಚೆನ್ನಾಗಿ ಕೆಲಸ ಮಾಡುತ್ತಿದೆ. ಅದರಿಂದ ಚರ್ಮದ ರೋಧವನ್ನು ಪ್ರತಿ ವರ್ಷವೂ ಅಳೆಯಿಸುತ್ತೇವೆ. ಅದಕ್ಕಿಂತ ಹೆಚ್ಚಿನದನ್ನು ಅದರಿಂದ ಕೇಳುವುದಿಲ್ಲ.